ಮೀಟರಿನ ಪಕ್ಕದ ಗೂಡು

ನಾನು ಮದುವೆಯ ವಿಡಿಯೋ ತೆಗೆಯುವವನು. ಚಿಕ್ಕೋಡಿ, ರಾಯಬಾಗ, ಅಥಣಿ, ಕಾಗವಾಡದ ಕಡೆ ಯಾವ ಮದುವೆ ಕಾರ್ಯಾಲಯದಲ್ಲಿ ಕರೆಂಟಿನ ಪ್ಲಗ್ಗು ಎಲ್ಲಿದೆ ಎಂದು ಕೇಳಿದರೆ ಕಣ್ಣು ಮುಚ್ಚಿ ಹೇಳಬಲ್ಲೆ. ಮದುವೆಗಳಿಲ್ಲದ ತಿಂಗಳುಗಳಲ್ಲಿ ಹುಳಗಳ ಚಿತ್ರ ತೆಗೆಯುತ್ತೇನೆ. ಎರಡು ಮೂರು ನಿಮಿಷದ ಸಣ್ಣ ಚಿತ್ರಗಳು: ಇರುವೆ, ಜೇಡ, ಸಗಣಿ ಹುಳ, ಕಬ್ಬಿನ ಒಣಗರಿಯ ರವದಿಯ ಕೆಳಗೆ ಸಂಸಾರ ಹೂಡಿದ, ನನಗೆ ಹೆಸರು ಗೊತ್ತಿಲ್ಲದ ಇನ್ನೂ ಕೆಲವರು. ಹುಳಗಳಲ್ಲಿ ಒಂದು ಒಳ್ಳೆಯ ಗುಣವಿದೆ. ತಮ್ಮ ಕಡೆಯ ಬೀಗರು ವಿಡಿಯೋದಲ್ಲಿ ಕಡಿಮೆ ಕಾಣುತ್ತಾರೆ ಎಂದು ಅವು ಜಗಳಕ್ಕೆ ಬರುವುದಿಲ್ಲ.

ಆದರೆ ಮದುವೆ ತೆಗೆದು ಪಳಗಿದ ಕೈ ಹುಳ ತೆಗೆದರೂ ಮದುವೆಯನ್ನೇ ತೆಗೆಯುತ್ತದೆ. ನನ್ನ ಮೊದಲ ಚಿತ್ರ ಸಗಣಿ ಹುಳದ್ದು. ಗಂಡು ಹೆಣ್ಣು ಸೇರಿ ಉಂಡೆ ಉರುಳಿಸಿಕೊಂಡು ಹೋಗುವುದನ್ನು ಒಂದು ಮಧ್ಯಾಹ್ನವಿಡೀ ಹೊಟ್ಟೆಯ ಮೇಲೆ ಮಲಗಿ ತೆಗೆದಿದ್ದೆ. ಎಡಿಟಿಂಗಿಗೆ ಕೂತಾಗ ಕೈ ತಾನಾಗಿಯೇ ಶಹನಾಯಿ ಹಾಕಿತು. ಮೇಲಿನಿಂದ ಗುಲಾಬಿ ಎಸಳು ಉದುರಿದವು. ಕೊನೆಗೆ ಹುಳಗಳೆರಡೂ ಒಂದು ಹೃದಯದ ಚೌಕಟ್ಟಿನೊಳಗೆ ಹೋಗಿ ನಿಂತವು. ಅದನ್ನು ಹಾಗೆಯೇ ಮೊಬೈಲಿನ ಗುಂಪುಗಳಿಗೆ ಕಳಿಸಿದೆ. ಮೊದಲ ಉತ್ತರ ಬಂದದ್ದು ಯಡೂರಿನ ಕಡೆಯ ಒಬ್ಬ ರೈತರಿಂದ. "ಇದಕ್ಕ ಯಾವ ಎಣ್ಣಿ ಹೊಡೀಬೇಕ್ರಿ?"

ಎಣ್ಣೆ ಎಂದರೆ ನಮ್ಮಲ್ಲಿ ಕೀಟನಾಶಕ. ಮುಂದೆ ನಾನು ಚಿಟ್ಟೆ ತೆಗೆದೆ, ಏರೋಪ್ಲೇನ್ ಹುಳ ತೆಗೆದೆ, ದ್ರಾಕ್ಷಿ ಎಲೆಯ ಕೆಳಗೆ ಮೊಟ್ಟೆ ಕಾಯುತ್ತ ಕೂತ ಜೇಡ ತೆಗೆದೆ. ಆ ಪ್ರಶ್ನೆ ಒಂದಕ್ಕೂ ತಪ್ಪಲಿಲ್ಲ. ಅವರನ್ನು ದೂರುವ ಹಾಗೂ ಇಲ್ಲ, ನಮ್ಮ ಎರಡು ಎಕರೆ ಕಬ್ಬಿಗೆ ಎಣ್ಣೆ ಹೊಡೆಯುವವನು ನಾನೇ.

ಈಗ ಹೇಳುತ್ತಿರುವುದು ಎರಡು ವರ್ಷದ ಹಿಂದಿನ ಮಾತು. ಪಿತೃಪಕ್ಷ ನಡೆದಿತ್ತು. ಮದುವೆಯಿಲ್ಲ, ಗೃಹಪ್ರವೇಶವಿಲ್ಲ, ಕ್ಯಾಮೆರಾ ಹೊತ್ತವನಿಗೆ ಹದಿನೈದು ದಿನ ಕೆಲಸವಿಲ್ಲ. ನಮ್ಮ ಮನೆಯ ಪಡಸಾಲೆಯ ಗೋಡೆಯಲ್ಲಿ ಕರೆಂಟಿನ ಮೀಟರಿನ ಪಕ್ಕ ಕುಂಬಾರ ಹುಳವೊಂದು ಗೂಡು ಕಟ್ಟಲು ಶುರು ಮಾಡಿತು. ಸಣಕಲು ನಡುವಿನ ಕಣಜ ಅದು. ನಾವೆಲ್ಲ ಕಾಕು ಎಂದು ಕರೆಯುವ ಎದುರು ಮನೆಯ ಹೆಂಗಸು ಮರಾಠಿಯವರು, ಅವರು ಅದನ್ನು ಕುಂಭಾರೀಣ ಎನ್ನುತ್ತಾರೆ, ಅಂದರೆ ಕುಂಬಾರಗಿತ್ತಿ. ಹೆಸರು ಸರಿಯಾಗಿಯೇ ಇದೆ, ಏಕೆಂದರೆ ಕಟ್ಟುವವಳು ಹೆಣ್ಣೇ. ಬಟ್ಟೆ ಒಗೆಯುವ ಕಲ್ಲಿನ ಬುಡದ ಕೆಸರನ್ನು ಬಾಯಲ್ಲಿ ಉಂಡೆ ಮಾಡಿ ತಂದು, ಕಾಲಿನಿಂದ ತಟ್ಟಿ ತಟ್ಟಿ, ಅಡಿಕೆಯಷ್ಟು ದಪ್ಪದ ಒಂದು ಗಡಿಗೆ ಮಾಡಿದಳು. ಒಳಗೆ ಒಂದು ಮೊಟ್ಟೆ ತೂಗು ಹಾಕಿದಳು. ಮೆಂತ್ಯೆ ಮಡಿಯಿಂದ ಹಸಿರು ಹುಳಗಳನ್ನು ಚುಚ್ಚಿ, ಮಂಕು ಮಾಡಿ ತಂದು ತುಂಬಿದಳು. ಮರಿಗೆ ಅದೇ ಬುತ್ತಿ. ಆಮೇಲೆ ಬಾಯಿ ಮುಚ್ಚಿದಳು. ಎರಡನೆಯ ಗಡಿಗೆಗೆ ಮೀಟರಿನ ವೈರು ಅಡ್ಡ ಬಂತು, ಹಾಗಾಗಿ ಅದು ಉದ್ದಕ್ಕೆ ಬೆಳೆಯಿತು. ಎರಡೂ ಮುಗಿದ ಮೇಲೆ ಹಾರಿ ಹೋದವಳು ತಿರುಗಿ ನೋಡಲಿಲ್ಲ.

ಇದೆಲ್ಲ ನನ್ನ ಕ್ಯಾಮೆರಾದಲ್ಲಿ ಬಂದಿತ್ತು. ಉಳಿದದ್ದು ಒಂದೇ, ಮರಿ ಬೆಳೆದು ಗಡಿಗೆಯ ಗೋಡೆ ಕೊರೆದು ಹೊರಗೆ ಬರುವ ಗಳಿಗೆ. ಮದುವೆಯಲ್ಲಿ ಅಕ್ಷತೆ ಬೀಳುವ ಗಳಿಗೆ ಇದ್ದ ಹಾಗೆ ಅದು. ತಪ್ಪಿದರೆ ಇನ್ನೊಮ್ಮೆ ಮಾಡಿ ತೋರಿಸಿ ಎನ್ನಲು ಬರುವುದಿಲ್ಲ.

ಮನೆಯಲ್ಲಿ ನಾವು ಮೂವರು. ಅವ್ವ, ನನ್ನ ಹೆಂಡತಿ, ನಾನು. ಮದುವೆಯಾಗಿ ಆಗ ಆರು ವರ್ಷ, ಮಕ್ಕಳಾಗಿರಲಿಲ್ಲ. ಮಿರಜಿನ ಡಾಕ್ಟರು ಇಬ್ಬರಲ್ಲೂ ಏನೂ ದೋಷವಿಲ್ಲ ಎಂದಿದ್ದರು. ದೋಷವಿದ್ದಿದ್ದರೆ ಔಷಧವಾದರೂ ಇರುತ್ತಿತ್ತು. ಅವ್ವ ಕೆಟ್ಟವಳಲ್ಲ, ಸೊಸೆಗೆ ಒಂದು ಬಿರುಸು ಮಾತು ಆಡಿದವಳೂ ಅಲ್ಲ. ಆದರೆ ಆರು ವರ್ಷದಲ್ಲಿ ಅವರಿಬ್ಬರ ನಡುವೆ ನಡೆದ ಮಾತೆಲ್ಲ ಉಪ್ಪು, ಖಾರ, ನೀರಿನ ಮೋಟಾರು ಇಷ್ಟರಲ್ಲೇ ಮುಗಿಯುತ್ತಿತ್ತು.

ನವರಾತ್ರಿಯಲ್ಲಿ ಘಟ ಕೂಡಿಸುವ ಮುಂಚೆ ನಮ್ಮ ಕಡೆ ಇಡೀ ಮನೆ ತೊಳೆಯಬೇಕು. ಕೌದಿ, ಚಾದರ ಎಲ್ಲ ಹೊಳೆಗೆ ಹೋಗುತ್ತವೆ, ಡಬ್ಬಿಗಳು ಅಂಗಳಕ್ಕೆ ಬರುತ್ತವೆ, ಗೋಡೆಯ ಜೇಡರ ಬಲೆಗೂ ಅಂದೇ ಕೊನೆ. ಆ ಬೆಳಿಗ್ಗೆ ನಾನು ಸ್ಟೂಲಿನ ಮೇಲೆ ನಿಂತು ದುಂಡು ಗಡಿಗೆಯ ಮೇಲೆ ಫೋಕಸ್ ಹಿಡಿಯುತ್ತಿದ್ದೆ. ಅವ್ವ ಉದ್ದ ಕೋಲಿಗೆ ಕಸಬರಿಗೆ ಕಟ್ಟಿಕೊಂಡು ಬಂದಳು.

"ಸರಿಯೋ, ಅದನ್ನ ಕೆಡವತೀನಿ."

"ಅವ್ವಾ, ಕುಂಬಾರ ಹುಳದ ಗೂಡು ಒಡೀಬಾರದಂತ ನೀನ ಹೇಳ್ತಿದ್ದೆಲ್ಲ" ಎಂದೆ.

ಅವಳು ಹೇಳುತ್ತಿದ್ದದ್ದು ಹೌದು. ಈ ಹುಳ ಮನೆಯಲ್ಲಿ ಗೂಡು ಕಟ್ಟಿದರೆ ಆ ಮನೆಯಲ್ಲಿ ಯಾರೋ ಬಸುರಿ ಇದ್ದಾರೆ ಎಂದು ನಮ್ಮ ಕಡೆಯ ನಂಬಿಕೆ. ಗೂಡು ದುಂಡಗಿದ್ದರೆ ಹೆಣ್ಣು, ಉದ್ದಗಿದ್ದರೆ ಗಂಡು. ಹಡೆಯುವ ತನಕ ಅದನ್ನು ಮುಟ್ಟಬಾರದು. ನನಗೆ ಆ ಹೊತ್ತಿಗೆ ನೆನಪಿದ್ದದ್ದು ಮುಟ್ಟಬಾರದು ಎಂಬುದೊಂದೇ. ಅವ್ವನಿಗೆ ಉಳಿದದ್ದೂ ನೆನಪಿತ್ತು. ಅವಳು ಕೋಲು ಕೆಳಗಿಳಿಸಿದಳು. ಅಡುಗೆಮನೆಯ ಕಡೆ ನೋಡಿ, ದನಿ ತಗ್ಗಿಸಿ ಕೇಳಿದಳು: "ಏನರ ಐತೇನೋ?"

ನನ್ನ ಒಂದು ಕಣ್ಣು ಕ್ಯಾಮೆರಾದಲ್ಲಿತ್ತು, ಇನ್ನೊಂದು ಮುಚ್ಚಿತ್ತು. ಫೋಕಸ್ ಕೂದಲೆಳೆಯಷ್ಟರಲ್ಲಿ ತಪ್ಪುತ್ತಿತ್ತು. ನಾನು "ಹೂಂ" ಎಂದೆ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ನಾನು ಆಡಿದ್ದು ಪೂರ್ತಿ ಒಂದು ಮಾತೂ ಅಲ್ಲ. ಅದು ಮಧ್ಯಾಹ್ನದ ಊಟದ ಹೊತ್ತಿಗೆ ನಿಪ್ಪಾಣಿಗೆ ಕೊಟ್ಟ ನನ್ನ ಅಕ್ಕನ ಮನೆ ಮುಟ್ಟಿತ್ತು. ಸಂಜೆ ಎದುರು ಮನೆಯ ಕಾಕು ಬಂದು ಮೀಟರಿನ ಕೆಳಗೆ ನಿಂತು, ಮೂಗಿನ ಮೇಲೆ ಚಾಳೀಸು ಏರಿಸಿ, ಒಂದು ದುಂಡಗಿನದು ಒಂದು ಉದ್ದನೆಯದು ನೋಡಿ, "ಜುಳೇ ಹೋಣಾರ ಬಘಾ!" ಎಂದರು. ಅವಳಿ ಮಕ್ಕಳಾಗುತ್ತವೆ ಎಂದರ್ಥ.

ನನ್ನ ಹೆಂಡತಿಗೆ ತಾನು ಬಸುರಿ ಎಂದು ತಿಳಿದದ್ದು ಒಂದು ಗಿಲಾಸು ಹಾಲಿನಿಂದ. ಅವ್ವ ಕೇಸರಿ ಹಾಕಿ, ಆರಿಸಿ ತಂದು ಕೈಗಿಟ್ಟು, "ಕೊಡ ಎತ್ತಬ್ಯಾಡ ಇನ್ನ" ಎಂದಳಂತೆ. ಹೆಂಡತಿ ಹಾಲು ಹಿಡಿದುಕೊಂಡೇ ಹಿತ್ತಲಿಗೆ ಬಂದಳು. ನಾನು ನಡೆದದ್ದು ಹೇಳಿದೆ.

"ಹುಳದ ಕಾಲಿನ ಕೂದಲಾ ಕಾಣಸ್ತಾವ ನಿಮಗ. ಮನ್ಯಾಗಿನ ಮಂದಿ ಕಾಣಸೂದಿಲ್ಲ."

"ಹುಳ ಹೊರಗ ಬರೂತನಕ ಅಷ್ಟ" ಎಂದೆ.

"ಆಮೇಲೆ ಏನ್ ಹೇಳ್ತೀರಿ?"

ನಾನು ಅದನ್ನು ಯೋಚಿಸಿರಲಿಲ್ಲ. ನನ್ನ ಚಿತ್ರಗಳೆಲ್ಲ ಹುಳ ಹಾರಿದ ಕೂಡಲೇ ಮುಗಿಯುತ್ತವೆ.

"ನೀವು ಹೇಳಬ್ಯಾಡ್ರಿ. ಇನ್ನೊಂದ್ ಹೂಂ ಅಂದೀರಿ. ನಾನ ಹೇಳ್ತೀನಿ" ಎಂದು ಒಳಗೆ ಹೋದಳು.

ಅವಳು ಅಂದು ಹೇಳಲಿಲ್ಲ, ಮರುದಿನವೂ ಹೇಳಲಿಲ್ಲ. ಘಟ ಕೂತಿತು, ಬನ್ನಿ ಹಂಚಿದ್ದಾಯಿತು. ಅವ್ವ ದಿನಾ ಬೆಳಿಗ್ಗೆ ಹಾಲು ಕೊಡುತ್ತಿದ್ದಳು. ಒಂದು ದಿನ ಸೊಸೆಯನ್ನು ಹೊಸ್ತಿಲಲ್ಲಿ ಕೂಡಿಸಿಕೊಂಡು ತಲೆಗೆ ಎಣ್ಣೆ ಹಚ್ಚಿ ಬಾಚಿದಳು. ಮಾತು ಉಪ್ಪು ಖಾರ ದಾಟಿ ಅವ್ವನ ತವರುಮನೆಯ ತನಕ ಹೋಯಿತು. ನಾನು ಇದನ್ನೆಲ್ಲ ನೋಡುತ್ತ, ಹೆಂಡತಿಗೆ ಈ ಸುಳ್ಳಿನಲ್ಲಿ ದಿನ ನೂಕುವುದು ಎಷ್ಟು ಕಷ್ಟವಾಗಿರಬೇಕು ಎಂದು ಮನಸ್ಸಿನಲ್ಲಿ ನೊಂದುಕೊಳ್ಳುತ್ತಿದ್ದೆ. ನೊಂದುಕೊಂಡು, ಹೋಗಿ ಗಡಿಗೆ ನೋಡುತ್ತಿದ್ದೆ.

ದಸರಾ ಮುಗಿದು ಒಂದು ವಾರವಾದ ಮೇಲೆ ದುಂಡು ಗಡಿಗೆಯ ಮೇಲೆ ಸಾಸಿವೆಯಷ್ಟು ಒದ್ದೆ ಕಲೆ ಕಾಣಿಸಿತು. ಒಳಗಿನದು ಬಾಯಿಂದ ಮಣ್ಣು ನೆನೆಸಿ ಕೊರೆಯುತ್ತಿದೆ ಎಂದು ಅರ್ಥ. ಅದೇ ದಿನಕ್ಕೆ ನಾನು ಅಥಣಿಯಲ್ಲಿ ಒಂದು ಕುಬಸದ ಕಾರ್ಯ ಒಪ್ಪಿಕೊಂಡಿದ್ದೆ. ಯಾರದೋ ಮನೆಯ ಬಸುರಿಗೆ ಹಸಿರು ಬಳೆ ಇಡಿಸುವುದನ್ನು ತೆಗೆಯಲು ಹೊರಟು, ಕ್ಯಾಮೆರಾವೊಂದನ್ನು ಗೂಡಿನ ಮುಂದೆ ಸ್ಟ್ಯಾಂಡಿಗೆ ಸಿಕ್ಕಿಸಿ, ಹೆಂಡತಿಗೆ ಹೇಳಿದೆ: ತೂತು ಬಿದ್ದ ಕೂಡಲೇ ಕೆಂಪು ಗುಂಡಿ ಒತ್ತು, ಕ್ಯಾಮೆರಾ ಮುಟ್ಟಬೇಡ, ಮುಂದೆ ಬರಬೇಡ.

ಸಂಜೆ ಬಂದಾಗ ಗಡಿಗೆಯಲ್ಲಿ ತೂತಿತ್ತು, ಹುಳ ಇರಲಿಲ್ಲ. "ಬಂತೇನ?" ಎಂದೆ. "ಬಂತು" ಎಂದಳು ಹೆಂಡತಿ. ಅವಳ ಕಣ್ಣು ಕೆಂಪಗಿದ್ದವು. ನಾನು ಕ್ಯಾಮೆರಾದ ಕಾರ್ಡು ತೆಗೆದುಕೊಂಡು ಕಂಪ್ಯೂಟರಿನ ಮುಂದೆ ಕೂತೆ.

ಹುಳದ ಚಿತ್ರಕ್ಕೆ ನಾನು ಮೊದಲು ಮಾಡುವ ಕೆಲಸ ಶಬ್ದ ತೆಗೆದುಹಾಕುವುದು. ಕುಕ್ಕರಿನ ಸೀಟಿ, ಪಕ್ಕದ ಮನೆಯ ಧಾರಾವಾಹಿ, ಇವುಗಳ ಜೊತೆ ಹುಳ ಶೋಭಿಸುವುದಿಲ್ಲ. ಆ ದಿನ ಮಾತ್ರ ಮಣ್ಣು ಕೊರೆಯುವ ಕರಕರ ಸಿಕ್ಕೀತೇನೋ ಎಂದು ಹೆಡ್‌ಫೋನು ಹಾಕಿಕೊಂಡೆ. ಪರದೆಯ ಮೇಲೆ ಗಡಿಗೆ, ತೂತು, ತೂತಿನಲ್ಲಿ ಎರಡು ಮೀಸೆ. ಕಿವಿಯಲ್ಲಿ ಅವ್ವ.

"ಬಂತೇನ?"

"ಇನ್ನೂ ಇಲ್ರಿ ಅತ್ತಿ. ಮೀಸಿ ಅಷ್ಟ ಕಾಣಾಕತ್ತಾವ."

ಕುರ್ಚಿ ಎಳೆದ ಸದ್ದು. ತೂತು ಸ್ವಲ್ಪ ದೊಡ್ಡದಾಯಿತು. ಆಮೇಲೆ ನನ್ನ ಹೆಂಡತಿ ಒಂದೇ ಉಸಿರಿಗೆ ಹೇಳಿದಳು: "ಅತ್ತಿ, ನನಗ ಏನೂ ಇಲ್ರಿ. ಮೊದಲಿಂದೂ ಇರಲಿಲ್ಲ. ದಿನಾ ಹೇಳಬೇಕಂತೀನಿ, ನೀವು ಹಾಲು ತಗೊಂಡು ಬರ್ತೀರಿ, ಬಾಯಿ ಬರೂದಿಲ್ಲ."

"ಗೊತ್ತೈತಿ" ಎಂದಳು ಅವ್ವ.

ನಾನು ಚಿತ್ರ ನಿಲ್ಲಿಸಿ, ಹಿಂದೆ ಹೋಗಿ, ಇನ್ನೊಮ್ಮೆ ಕೇಳಿದೆ. ಗೊತ್ತೈತಿ ಎಂದೇ ಅಂದಿದ್ದಳು.

"ಯಾವಾಗಿಂದ್ರಿ?"

"ಘಟ ಕೂಡಿಸಿದ ಮೂರನೇ ದಿನ ನೀ ದೇವರ ಮನಿಗೆ ಬರಲಿಲ್ಲ. ತಲಿ ನೋವು ಅಂದಿ. ಮೂರು ಮಕ್ಕಳನ್ನ ಹಡದೀನಿ, ಅಷ್ಟು ತಿಳಿಯೂದಿಲ್ಲೇನ?"

"ಮತ್ತ ಹಾಲು ಯಾಕ್ ಕೊಡ್ತಿದ್ರಿ?"

ಹುಳದ ತಲೆ ಹೊರಗೆ ಬಂತು, ಮುಂದಿನ ಎರಡು ಕಾಲು ಬಂದವು. ಬೆಳಕು ಚೆನ್ನಾಗಿತ್ತು. ಅವ್ವನ ದನಿ ಸಣ್ಣಗೆ ಕೇಳಿಸಿತು.

"ಆರು ವರ್ಷದಾಗ ನಿನಗ ಒಂದ್ ಗಿಲಾಸ್ ಹಾಲು ನಾ ಕೈಯಾರೆ ಕೊಟ್ಟಿರಲಿಲ್ಲ. ಕೊಟ್ಟ ಮ್ಯಾಲೆ ಕಸಗೊಳ್ಳಾಕ ಮನಸ್ಸಾಗಲಿಲ್ಲ ಯವ್ವಾ."

ಅಷ್ಟರಲ್ಲಿ ಪರದೆಯ ತುಂಬ ಹಸಿರಾಯಿತು. ನನ್ನ ಹೆಂಡತಿಯ ಸೀರೆಯ ಬಣ್ಣ ಅದು. ಕ್ಯಾಮೆರಾದ ಮುಂದೆ ಬರಬೇಡ ಎಂದು ಹೇಳಿಹೋಗಿದ್ದೆ, ಅವಳು ಬಂದಿದ್ದಳು. ಅವ್ವನ ಹತ್ತಿರ ಹೋಗಲು ಅದೇ ದಾರಿ. ಒಬ್ಬರು ಅಳುವ ಸದ್ದು, ಆಮೇಲೆ ಇಬ್ಬರದೂ. ಹಸಿರು ಸರಿದಾಗ ಗಡಿಗೆ ಬರಿದಾಗಿತ್ತು, ಹುಳ ಹೋಗಿತ್ತು. ನಾಲ್ಕು ವಾರ ಕಾದ ನನ್ನ ಅಕ್ಷತೆಯ ಗಳಿಗೆ ಒಂದು ಸೀರೆಯ ಹಿಂದೆ ಆಗಿಹೋಗಿತ್ತು.

ನನಗೆ ಸಿಟ್ಟು ಬರಲಿಲ್ಲ. ನಾಚಿಕೆ ಬಂತು. ಸುಳ್ಳು ಹೊರಲಾಗದೆ ಅವಳು ಒದ್ದಾಡುತ್ತಿದ್ದಾಳೆ ಎಂದುಕೊಂಡ ದಿನಗಳಲ್ಲಿ ಅವಳು ಆ ಹಾಲು ನಿಂತೀತೆಂದು ಹೆದರಿದ್ದಳು. ಅಡುಗೆಮನೆಗೆ ಹೋಗಿ "ತಪ್ಪಾತು" ಎಂದೆ. ಇಬ್ಬರೂ ಸಜ್ಜೆ ರೊಟ್ಟಿ ಬಡಿಯುತ್ತಿದ್ದರು. "ಯಾರಿಗೆ ಹೇಳಾಕತ್ತಾನ?" ಎಂದು ಅವ್ವ ಸೊಸೆಯನ್ನು ಕೇಳಿದಳು. "ಹುಳಕ್ಕ ಇರಬೇಕ್ರಿ" ಎಂದಳು ನನ್ನ ಹೆಂಡತಿ.

ಉದ್ದನೆಯ ಗಡಿಗೆಯಿಂದ ಏನೂ ಬರಲಿಲ್ಲ. ಕೆಲವು ಹಾಗೆಯೇ ಉಳಿಯುತ್ತವೆ, ಕಾರಣ ಗೊತ್ತಾಗುವುದಿಲ್ಲ. ದೀಪಾವಳಿಯ ಸುಣ್ಣಕ್ಕೆ ಮುಂಚೆ ಅವ್ವ ತಾನೇ ಸ್ಟೂಲು ಹತ್ತಿ ಎರಡನ್ನೂ ಚಾಕುವಿನಿಂದ ಬಿಡಿಸಿ, ಮಣ್ಣನ್ನು ತುಳಸಿಯ ಬುಡಕ್ಕೆ ಹಾಕಿದಳು. ಎದುರು ಮನೆಯ ಕಾಕು ಅರಿಶಿಣ ಕುಂಕುಮಕ್ಕೆ ಬಂದವರು ಬೋಳು ಗೋಡೆ ನೋಡಿ, ನನ್ನ ಹೆಂಡತಿಯ ಹೊಟ್ಟೆ ನೋಡಿ, "ಕುಂಭಾರೀಣ ಗೇಲಿ ಕಾ?" ಎಂದರು. ಹೋದಳೇನು ಎಂದು.

"ಹುಳ ಹೋತ್ರಿ" ಎಂದಳು ಅವ್ವ. "ಸೊಸಿ ಅದಾಳ."

ಕಾಕು ಕುಂಕುಮ ಹಚ್ಚಿಸಿಕೊಂಡು ಹೋದರು. ನಾನು ಆ ಚಿತ್ರವನ್ನು ಯಾರಿಗೂ ಕಳಿಸಲಿಲ್ಲ, ಶಹನಾಯಿಯನ್ನೂ ಹಾಕಲಿಲ್ಲ. ಹಾಲು ಇವತ್ತಿಗೂ ನಿಂತಿಲ್ಲ. ದಿನಾ ಬೆಳಿಗ್ಗೆ ಅವಳಿಗೆ ಒಂದು ಗಿಲಾಸು ಬರುತ್ತದೆ, ಕೇಸರಿ ಹಾಕಿ, ಆರಿಸಿ. ನನಗೆ ಚಹಾ.