ಗಂಗತ್ತೆಯ ಕಪಾಟು

ಊಟಕ್ಕೆ ಕೂರುವ ಮುಂಚೆ ಬಡಗಿ ಖಾದರಸಾಬರು ಗಂಧದ ಸಾಬೂನು ಹಚ್ಚಿ ಕೈ ತೊಳೆದರು. ಗೋಪನಕೊಪ್ಪದ ನಮ್ಮ ಹೊಸ ಮನೆಯಲ್ಲಿ ಅಲ್ಲಿಯವರೆಗೆ ಇದ್ದದ್ದು ಸಿಮೆಂಟು ಮತ್ತು ಕೊಯ್ದ ಕಟ್ಟಿಗೆಯ ವಾಸನೆ ಮಾತ್ರ. ಅದರ ನಡುವೆ ಆ ಸಾಬೂನಿನ ಕಂಪು ತೇಲಿ ಬಂದದ್ದೇ ತಡ, ನಾನು ಕೈಯಲ್ಲಿದ್ದ ನಕಾಶೆಯನ್ನು ಮರೆತು, ಕಮರಿಪೇಟೆಯ ಹಳೆಯ ಮನೆಯಲ್ಲಿ ಕೌದಿ ಹೊದ್ದು ಮಲಗಿದ ಹುಡುಗಿಯಾಗಿಬಿಟ್ಟೆ. ನಮ್ಮ ಮನೆಯ ಕೌದಿಗಳಿಗೆ ಇದೇ ವಾಸನೆ ಇತ್ತು. ಬೇರೆಯವರ ಮನೆಯಲ್ಲಿ ಮಲಗಿದಾಗ ಅದು ಸಿಗದೆ ನನಗೆ ನಿದ್ದೆಯೇ ಹತ್ತುತ್ತಿರಲಿಲ್ಲ.

ಮನೆ ಕಟ್ಟಿ ನೋಡು ಎಂದ ಹಿರಿಯರು ಕಪಾಟಿನ ಸುದ್ದಿಯನ್ನೇ ಎತ್ತಲಿಲ್ಲ ನೋಡಿ. ನಮ್ಮಲ್ಲಿ ಈಗ ಹಗಲೂ ರಾತ್ರಿ ಅದೇ ಮಾತು: ಯಾವ ಕೋಣೆಗೆ ಎಷ್ಟು ವಾರ್ಡ್‌ರೋಬು, ಬಾಗಿಲು ಸರಿಯುವಂಥದೋ ತೆರೆಯುವಂಥದೋ, ರೇಷ್ಮೆ ಸೀರೆಗೆಲ್ಲಿ ಜಾಗ. ಮಗಳು ಬರೀ ಚಪ್ಪಲಿಗೆಂದೇ ಒಂದು ಗೋಡೆ ಕೇಳಿದ್ದಾಳೆ. ಕಮರಿಪೇಟೆಯ ಮನೆಯಲ್ಲಿ ಈ ತಕರಾರು ಇರಲಿಲ್ಲ. ಮೊಳಕ್ಕಿಂತ ದಪ್ಪನೆಯ ಮಣ್ಣಿನ ಗೋಡೆ, ಗೋಡೆಯೊಳಗೇ ಕಪಾಟು, ಅದಕ್ಕೆ ತೇಗದ ಬಾಗಿಲು. ಹತ್ತಿ ವ್ಯಾಪಾರದ ನಮ್ಮಜ್ಜ ಸೊಸೆ ಬಂದಂತೆಲ್ಲ ಒಂದೊಂದು ಕಪಾಟು ಮಾಡಿಸಿದ್ದರು. ಕಪಾಟು ಇಲ್ಲದವಳು ಒಬ್ಬಳೇ, ಅಪ್ಪನ ಅಕ್ಕ ಗಂಗತ್ತೆ. ಗಂಡ ತೀರಿಕೊಂಡ ಮೇಲೆ ತವರಿಗೆ ಬಂದಿದ್ದಳು. ಕೊಟ್ಟ ಮಗಳಿಗೆ ತವರಿನಲ್ಲಿ ಕಪಾಟು ಮಾಡಿಸುವ ಪದ್ಧತಿ ಇರಲಿಲ್ಲ. ತಿರುಗಿ ಬಂದವಳಿಗೆ ಏನು ಮಾಡಬೇಕೆಂದು ಯಾವ ಪದ್ಧತಿಯೂ ಹೇಳಿರಲಿಲ್ಲ.

ನಡುಮನೆಯ ಮೂಲೆಯಲ್ಲಿ, ಮರದ ಮಣೆಯ ಮೇಲೆ, ಮನೆಮಂದಿಯ ಕೌದಿಗಳೆಲ್ಲ ನನ್ನ ತಲೆಯ ಮಟ್ಟಕ್ಕೆ ಒಟ್ಟಿರುತ್ತಿದ್ದವು. ಸಂಜೆ ಹಾಸುವವಳೂ ಮುಂಜಾನೆ ಮಡಿಸುವವಳೂ ಗಂಗತ್ತೆಯೇ. "ಕೌದಿಗೆ ಯಾರೂ ಕೈ ಹಚ್ಚಬ್ಯಾಡ್ರಿ, ನಾ ಹಾಸ್ತೇನಿ," ಎನ್ನುತ್ತಿದ್ದಳು. ಎಂಥ ದುಡಿಯುವ ಜೀವ ಎಂದು ಬಂದವರೆಲ್ಲ ಹೊಗಳುತ್ತಿದ್ದರು. ಒಂದು ಮಧ್ಯಾಹ್ನ ಆ ಒಟ್ಟಿಲ ಮೇಲೆ ಹತ್ತಿ ಆಡುವಾಗ ನನ್ನ ಕೈ ಮಡಿಕೆಯೊಳಗೆ ಜಾರಿತು. ಕಾಗದ ಸುತ್ತಿದ ಗಂಧದ ಸಾಬೂನು, ಅಂಗೈಯಗಲದ ಕನ್ನಡಿ, ಉಡದೇ ಇಟ್ಟ ಗಿಳಿಹಸಿರು ಸೀರೆ, ತೊಳೆದು ಮಡಿಸಿದ ಗಂಡಸರ ಬಿಳಿ ಟೋಪಿ. ತೀರಿಕೊಂಡ ಮಾವನ ಟೋಪಿ. ಗಂಗತ್ತೆ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಬೈಯಲಿಲ್ಲ. ಹತ್ತಿರ ಬಂದು ಸಾಬೂನನ್ನು ನನ್ನ ಮೂಗಿಗೆ ಹಿಡಿದು, "ಕೌದಿಗೆ ಹುಳಾ ಹತ್ತಬಾರದಂತ ಇಟ್ಟೇನಿ. ಯಾರ ಮುಂದೂ ಹೇಳಬ್ಯಾಡ ನನ್ನ ಬಂಗಾರಾ," ಎಂದಳು. ಅವಳ ಕಪಾಟು ದಿನಾ ಸಂಜೆ ಬಿಚ್ಚಿಕೊಂಡು ನಮ್ಮೆಲ್ಲರ ಹಾಸಿಗೆಯಾಗುತ್ತಿತ್ತು, ಮುಂಜಾನೆ ಮತ್ತೆ ಕಪಾಟಾಗುತ್ತಿತ್ತು. ನಾನು ಯಾರಿಗೂ ಹೇಳಲಿಲ್ಲ.

ಒಂದು ಮಳೆಗಾಲ ಹಿಂದಿನ ಗೋಡೆ ಕುಸಿದು ಹೊಸದಾಗಿ ಕಟ್ಟಿಸಬೇಕಾಯಿತು. ಅಜ್ಜ ಗೋಡೆ ತೋರಿಸುತ್ತ, "ಗಂಗಾ, ಇಲ್ಲೊಂದು ನಿನಗೂ ಮಾಡಸೂಣೇನು?" ಎಂದು ಕೇಳಿದರು. ಹೂಂ ಅನ್ನು, ಹೂಂ ಅನ್ನು ಎಂದು ನಾನು ಮನಸ್ಸಿನಲ್ಲೇ ಜಪಿಸಿದೆ. "ನನಗ್ಯಾಕಪ್ಪಾ ಕಪಾಟ? ನಂದೇನೈತಿ ಇಡಾಕ?" ಎಂದಳು ಗಂಗತ್ತೆ, ನಗುತ್ತಲೇ. ಅಜ್ಜ ಎರಡನೇ ಸಲ ಕೇಳಲಿಲ್ಲ. ಆ ಗೋಡೆಯಲ್ಲಿ ಚಿಕ್ಕಪ್ಪನ ಹೆಂಡತಿ ಕಾಕೂನ ತವರಿನಿಂದ ಬಂದ ಪಾತ್ರೆಗಳು ಕುಳಿತವು.

ಮೊನ್ನೆ ಹೊಸ ಮನೆಯ ನಕಾಶೆ ಹರಡಿಕೊಂಡು ಕೂತಾಗ, ಇಷ್ಟು ವರ್ಷ ಕಾಪಾಡಿದ ಗುಟ್ಟನ್ನು ಅವ್ವನಿಗೆ ಹೇಳಿದೆ. ಅವ್ವ ನಕ್ಕಳು. "ಗೊತ್ತಿತ್ತ ಬಿಡವಾ. ಅದಕ್ಕ ಮುಂಜಾನೆ ನಿಮ್ಮನ್ನೆಲ್ಲಾ ಒಲಿ ಮುಂದ ಕರದು ಚಾ ಕೊಡತಿದ್ದೆ. ಅಕ್ಕಾರು ಅಷ್ಟರಾಗ ಮಡಚಿ ಇಟಗೋತಿದ್ರು. ನಿಮ್ಮಜ್ಜ ನಡುಮನಿಗೆ ಬರೂಮುಂದ ಕೆಮ್ಮತಿದ್ರಲ್ಲ, ಮತ್ಯಾಕ ಅನಕೊಂಡಿ?" ಮೂಗಿಗೇರಿಸುವ ತಪಕೀರಿನ ಕೆಮ್ಮು ಎಂದೇ ನಾನು ತಿಳಿದಿದ್ದೆ. ನನಗೆ ಅಳುವೂ ಬಂತು, ಸಿಟ್ಟೂ ಬಂತು. ಅಷ್ಟು ಅಂತಃಕರಣವಿದ್ದ ಮನೆಯಲ್ಲಿ ಅವಳನ್ನು ಎರಡನೇ ಸಲ ಕೇಳುವವರು ಒಬ್ಬರೂ ಇರಲಿಲ್ಲವಲ್ಲ! ಗಂಗತ್ತೆ ಆ ಕೌದಿಗಳ ಮೇಲೆಯೇ ಕಣ್ಣು ಮುಚ್ಚಿದಳು. ಆಮೇಲೆ ಮನೆ ಪಾಲಾಯಿತು, ಮಾರಾಟವಾಯಿತು, ಈಗ ಅಲ್ಲಿ ಬಟ್ಟೆ ಅಂಗಡಿ ಎದ್ದಿದೆ.

ಊಟ ಮುಗಿಸಿ ಖಾದರಸಾಬರು ಟೇಪು ಹಿಡಿದು ಎದ್ದರು. ನಾನು ನಡುಮನೆಯ ಮೂಲೆ ತೋರಿಸಿ, ಇಲ್ಲೊಂದು ಕಪಾಟು ಬೇಕು, ಬಾಗಿಲಿಗೆ ಕೀಲಿ ಇರಲಿ ಎಂದೆ.

"ಇದು ನಕಾಶೆದಾಗ ಇಲ್ಲಲ್ರಿ ಅಕ್ಕಾರ. ಯಾರದ್ರಿ?"

"ನಮ್ಮ ಗಂಗತ್ತೀದ್ರಿ."

"ವಯಸ್ಸಾದವರೇನ್ರಿ? ಹಂಗಾರ ಮ್ಯಾಲಿನ ಹಲಗಿ ಅವರ ಕೈಗೆ ಎಟಕಬೇಕಲ್ರಿ. ಎಷ್ಟ ಎತ್ತರ ಅದಾರ?"

ನಾನು ದೊಡ್ಡವಳಾದ ಮೇಲೆ, ನನ್ನ ತಲೆ ಬಾಚಲು ಕೈ ಎಟುಕದೆ ಅವಳು ಕುಳಿತುಕೋ ಎಂದು ಗದರುತ್ತಿದ್ದದ್ದು ನೆನಪಾಯಿತು. ನನ್ನ ಭುಜದ ಮಟ್ಟಕ್ಕೆ ಕೈ ಹಿಡಿದು, "ಇಷ್ಟ್ರಿ," ಎಂದೆ. ಖಾದರಸಾಬರು ಕಿವಿಗೆ ಸಿಕ್ಕಿಸಿದ್ದ ಪೆನ್ಸಿಲು ತೆಗೆದು, ಗೋಡೆಯ ಮೇಲೆ ಅಷ್ಟೇ ಎತ್ತರಕ್ಕೆ ಒಂದು ಗೆರೆ ಎಳೆದರು.