ನೆಗೆಣ್ಣಿ ಕಂಡ ದ್ವೀಪ

ಆಕೆಯ ಮೂಗಿನ ತುದಿಯ ಚರ್ಮ ಉಳ್ಳಾಗಡ್ಡಿಯ ಸಿಪ್ಪೆಯ ಹಾಗೆ ತೆಳ್ಳಗೆ ಏಳುತ್ತಿತ್ತು. ಕೊಬ್ಬರಿ ಎಣ್ಣೆ ಸವರಿದ್ದರೆ ಎರಡು ದಿನದಲ್ಲಿ ಸರಿಹೋಗುತ್ತಿತ್ತು, ಆಕೆ ಸವರಲಿಲ್ಲ. ರಬಕವಿಯ ನಮ್ಮ ಮನೆಗೆ ಬಂದವರೆಲ್ಲ ‘ಮೂಗಿಗೆ ಏನಾತ್ರಿ?’ ಎಂದು ಕೇಳಬೇಕು, ಆಕೆ ‘ಸಮುದ್ರದ ಬಿಸಲ ಬಡದೈತ್ರಿ’ ಎನ್ನಬೇಕು. ಅಲ್ಲಿಂದ ಮಾತು ವಿಮಾನ ಹತ್ತಿ, ಹಡಗು ಹತ್ತಿ, ಇಂಡೋನೇಷಿಯಾದ ಕೊಮೊಡೊ ದ್ವೀಪಗಳಿಗೆ ಹೋಗುತ್ತಿತ್ತು. ಒಳಗೆ ರೊಟ್ಟಿ ಬಡಿಯುತ್ತಿದ್ದ ನನ್ನ ಕೈಯ ಸದ್ದು ಜೋರಾಗುತ್ತಿತ್ತು.

ಆಕೆ ನನ್ನ ನೆಗೆಣ್ಣಿ, ನನ್ನ ಗಂಡನ ಅಣ್ಣನ ಹೆಂಡತಿ. ಭಾವನವರದು ಬನಹಟ್ಟಿಯಲ್ಲಿ ನೂಲಿನ ಅಂಗಡಿ. ಹೆಚ್ಚು ಮಾಲು ಎತ್ತಿದ ವ್ಯಾಪಾರಿಗಳನ್ನು ನೂಲಿನ ಕಂಪನಿಯೊಂದು ಹೆಂಡತಿಯರ ಸಮೇತ ಪ್ರವಾಸಕ್ಕೆ ಕರೆದೊಯ್ದಿತ್ತು. ನಾನು ಜಮಖಂಡಿಯ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಭೂಗೋಳ ಕಲಿಸುವವಳು. ಪ್ರತಿ ವರ್ಷ ಹಲಗೆಯ ಮೇಲೆ ಬಣ್ಣದ ಸೀಮೆಸುಣ್ಣದಿಂದ ಜ್ವಾಲಾಮುಖಿಯ ಹೊಟ್ಟೆ ಸೀಳಿ ತೋರಿಸುತ್ತೇನೆ. ಕೃಷ್ಣೆಯ ದಂಡೆಯ ನಮ್ಮ ಎರೆ ಭೂಮಿಯೂ ಲಾವಾದಿಂದಲೇ ಆದದ್ದು ಎಂದು ಹೇಳುವಾಗ ನನಗೇ ಮೈ ಜುಮ್ಮೆನ್ನುತ್ತದೆ. ಆದರೆ ನಾನು ಕಂಡದ್ದು ಆರಿ ಮಣ್ಣಾದ ಲಾವಾ ಮಾತ್ರ. ಹೊಗೆಯಾಡುವ ಗುಡ್ಡವನ್ನು ಕಣ್ಣಾರೆ ಕಂಡು ಬಂದವಳು, ಇಂಡೋನೇಷಿಯಾ ಯಾವ ದಿಕ್ಕಿಗಿದೆ ಎಂದು ಹೊರಡುವ ಹಿಂದಿನ ದಿನ ನನ್ನನ್ನೇ ಕೇಳಿದ್ದ ಈ ನೆಗೆಣ್ಣಿ.

ಆಕೆಯ ಮೇಲೆ ಸಿಟ್ಟು ಮಾಡುವುದೂ ಸುಲಭವಿರಲಿಲ್ಲ. ಮದುವೆಯಾಗಿ ಬಂದ ಮೇಲೆ ನಾನು ನೌಕರಿಗೆ ಹೋಗುತ್ತೇನೆಂದಾಗ ಆ ಮನೆಯಲ್ಲಿ ಮೊದಲು ಹೂಂ ಅಂದವಳು ಆಕೆ. ಬೆಳಗಿನ ಬಸ್ಸಿಗೆ ನನ್ನ ಬುತ್ತಿ ಕಟ್ಟುತ್ತಿದ್ದವಳೂ ಆಕೆಯೇ. ಮಾತೆಂದರೆ ಆಕೆಗೆ ಊಟಕ್ಕಿಂತ ಹೆಚ್ಚು. ‘ಕಣ್ಣಿಗೆ ಬಿದ್ದದ್ದನ್ನ ನಾಕ ಮಂದಿಗೆ ಹೇಳಬೇಕ ತಂಗಿ, ಇಲ್ಲಂದ್ರ ಅದು ನಮ್ಮದ ಆಗಂಗಿಲ್ಲ’ ಎನ್ನುತ್ತಿದ್ದಳು.

ಹೇಳಿದ್ದಳು ಕೂಡ, ಊರಿಗೆಲ್ಲ. ದೋಣಿಯ ಓಲಾಟಕ್ಕೆ ಭಾವ ತಲೆ ಎತ್ತಲಾರದೆ ಮಲಗಿಬಿಟ್ಟರಂತೆ. ಈಕೆ ಒಬ್ಬಳೇ ಸೀರೆ ಎತ್ತಿ ಸಿಕ್ಕಿಸಿಕೊಂಡು ಗುಡ್ಡ ಹತ್ತಿದಳಂತೆ. ಮೇಲೆ ನಿಂತರೆ ಕೆಳಗೆ ಮೂರು ಕಡೆ ಸಮುದ್ರ ಒಳಗೆ ಬಾಗಿ ಬಂದಿದೆ. ಒಂದು ದಂಡೆಯ ಉಸುಕು ಬೆಳ್ಳಗೆ, ಒಂದರದು ಕರ್ರಗೆ, ಇನ್ನೊಂದರದು ಗುಲಾಬಿ. ದೂರದ ನೀರಿನಾಚೆ ಒಂದು ಗುಡ್ಡ ತನ್ನಷ್ಟಕ್ಕೆ ತಾನು ಹೊಗೆ ಬಿಡುತ್ತಿದೆ. ‘ಯಾರೋ ಬಚ್ಚಲದ ಒಲಿ ಹಚ್ಚಿ ಮರತ ಹೋಗ್ಯಾರ, ಹಂಗ’ ಎನ್ನುತ್ತಿದ್ದಳು.

ನಮ್ಮ ಶಾಲೆಯ ಮುಖ್ಯಸ್ಥೆ ಹೆಡ್‌ಬಾಯಿಯವರ ಕಿವಿಗೂ ಅದು ಬಿತ್ತು. ‘ಟೀಚರ್, ನಿಮ್ಮ ನೆಗೆಣ್ಣಿ ಖರೇ ಜ್ವಾಲಾಮುಖಿ ನೋಡಿ ಬಂದಾರಂತಲ್ರಿ. ಒಂದ್ ದಿನ ಸಾಲಿಗೆ ಕರಕೊಂಡು ಬರ್ರಿ, ಹುಡುಗ್ಯಾರು ಕೇಳ್ಲಿ’ ಎಂದರು. ಹೂಂ ಅನ್ನದೆ ಬೇರೆ ದಾರಿಯಿರಲಿಲ್ಲ.

ನನ್ನ ತರಗತಿಯಲ್ಲಿ, ನನ್ನ ಹಲಗೆಯ ಮುಂದೆ ಆಕೆ ನಿಂತಳು. ನಾನು ಹಿಂದಿನ ಬೆಂಚಿನಲ್ಲಿ ಕೂತೆ. ದ್ವೀಪದಲ್ಲಿ ಕಂಡ ದೊಡ್ಡ ಪ್ರಾಣಿಯನ್ನು ಹೇಳಲು ಆಕೆಗೆ ಚಿತ್ರ ಬೇಕಾಗಲಿಲ್ಲ. ‘ನಿಮ್ಮ ಹೊಲದಾಗ ಉಡ ನೋಡೀರೆಲ್ಲ? ಅದರ ಮುತ್ಯಾ’ ಎಂದು ಮೇಜಿನ ಮೇಲೆ ಎರಡೂ ಕೈ ಊರಿ, ಕುತ್ತಿಗೆ ಆ ಕಡೆ ಈ ಕಡೆ ಹೊರಳಿಸಿ, ನಾಲಗೆ ಹೊರಚಾಚಿ ನಡೆದು ತೋರಿಸಿದಳು. ಅದರ ಜೊಲ್ಲಿನಲ್ಲೂ ವಿಷ. ಜೊತೆಗೆ ಬರುವ ದ್ವೀಪದ ಕಾವಲುಗಾರನ ಕೈಯಲ್ಲಿ ಬಂದೂಕಿಲ್ಲ, ಬರೀ ಒಂದು ಕವಲುಕೋಲು. ಹುಡುಗಿಯರು ಉಸಿರು ಬಿಡುವುದನ್ನೇ ಮರೆತಿದ್ದರು. ನನ್ನ ಪಾಠಕ್ಕೆ ಅವರು ಎಂದೂ ಹಾಗೆ ಕೂತಿರಲಿಲ್ಲ.

‘ಇಪ್ಪತ್ತ ಫೂಟ ಉದ್ದ ಇತ್ತ ನೋಡ್ರಿ’ ಎಂದಳು ಆಕೆ.

ನನಗೆ ತಡೆಯಲಾಗಲಿಲ್ಲ. ‘ಹತ್ತು ಫೂಟ’ ಎಂದೆ ಹಿಂದಿನಿಂದ. ‘ಅದಕ್ಕಿಂತ ಉದ್ದ ಬೆಳೆಯಂಗಿಲ್ಲ.’

ಆಕೆ ನನ್ನತ್ತ ನೋಡಿದಳು. ‘ಹೌದ? ನೀ ಯಾವಾಗ ಹೋಗಿ ಅಳದ ಬಂದಿದ್ದಿ ತಂಗಿ?’

ಇಡೀ ತರಗತಿ ನಕ್ಕಿತು. ನಾನೂ ನಕ್ಕಂತೆ ಮಾಡಿದೆ. ಆಮೇಲೆ ಗಂಟೆ ಹೊಡೆಯುವವರೆಗೆ ಆಕೆ ಏನು ಹೇಳಿದಳೋ ನನ್ನ ಕಿವಿಗೆ ಹೋಗಲಿಲ್ಲ.

ವಾಪಸು ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿ ಕೂತೆ. ಕಬ್ಬಿನ ಟ್ರ್ಯಾಕ್ಟರುಗಳು ಅಡ್ಡ ನಿಂತು ಬಸ್ಸು ಬಹಳ ಹೊತ್ತು ಅಲ್ಲಾಡಲಿಲ್ಲ. ಆಕೆಯೇ ಮಾತು ತೆಗೆದಳು.

‘ನಿನಗಂತ ಆ ಕರೇ ಉಸುಕು ಒಂದ ಹಿಡಿ ಸೆರಗಿನಾಗ ಗಂಟ ಕಟ್ಟಿಕೊಂಡಿದ್ನಿ. ಬೆಂಕಿ ಗುಡ್ಡದ ಉಸುಕು, ಟೀಚರ್ ಬಾಯಿ ಖುಷಿ ಆಗ್ತಾಳ ಅಂತ. ಆ ಕಾವಲುಗಾರ ನೋಡಿಬಿಟ್ಟ. ಇಲ್ಲಿಂದ ಒಂದ ಹರಳ ಸೈತ ಒಯ್ಯಾಕ ಬರಂಗಿಲ್ಲ ಅಂತ ಕೈಸನ್ನಿ ಮಾಡಿದ. ಎಲ್ಲಾರ ಮುಂದ ಸೆರಗ ಝಾಡಿಸಿದೆ.’

ಅದನ್ನು ಕೇಳಿ ನಾನು ಕರಗಬೇಕಿತ್ತು. ಆದರೆ ಖರೆ ಹೇಳಬೇಕೆಂದರೆ, ಹೊಟ್ಟೆಕಿಚ್ಚು ಅದರಿಂದ ಇಳಿಯಲಿಲ್ಲ, ಏರಿತು. ಅಷ್ಟು ದೂರ ಹೋಗಿ ನನ್ನನ್ನು ನೆನೆಯುವ ದೊಡ್ಡತನವೂ ಆಕೆಯ ಪಾಲಿಗೇ ಬರಬೇಕಿತ್ತೆ? ‘ನಮ್ಮ ಎರಿ ಮಣ್ಣೂ ಅದರಿಂದನ ಆಗಿದ್ದು ಬಿಡ್ರಿ ಅಕ್ಕಾ’ ಎಂದೆ.

‘ಹಂಗಾದ್ರ ಇಲ್ಲೇ ಹೊಳಿ ದಂಡಿ ಹಿಪ್ಪರಗಿಗೆ ಹೋಗಿ ಬಂದಿದ್ರ ಸಾಕಿತ್ತು’ ಎಂದು ಆಕೆ ಬಸ್ಸೆಲ್ಲ ಕೇಳುವಂತೆ ನಕ್ಕಳು.

ಮರುವರ್ಷ ಶ್ರಾವಣದಲ್ಲಿ ಆಕೆಗೆ ಲಕ್ವಾ ಹೊಡೆಯಿತು. ಬಲಗಡೆ ಬಿದ್ದುಹೋಯಿತು. ನೆನಪೂ ಅಲ್ಲಲ್ಲಿ ಹರಿದ ನೂಲಿನಂತಾಯಿತು. ಹಳೆಯದು ಗಟ್ಟಿಯಿತ್ತು, ಇತ್ತೀಚಿನದು ಕೈಗೆ ಸಿಗುತ್ತಿರಲಿಲ್ಲ. ಸಾಲಿಯಿಂದ ಬಂದು ಸಂಜೆ ಅಂಬಲಿ ಕುಡಿಸುವುದು ನನ್ನ ಕೆಲಸವಾಯಿತು. ಒಂದು ಸಂಜೆ ಆಕೆ ತೊದಲುತ್ತ, ‘ನಾ ಎಲ್ಲೋ ಹೋಗಿದ್ನೆಲ್ಲ ತಂಗಿ, ನೀರಾಗ... ಹೇಳ ಅದನ್ನ’ ಎಂದಳು.

ಹೇಳಿದೆ. ಆಕೆಯ ಬಾಯಿಂದ ಎಷ್ಟೋ ಸಲ ಕೇಳಿ ಉರಿದುಕೊಂಡಿದ್ದ ಕಥೆ, ಒಂದು ಮಾತೂ ತಪ್ಪದೆ ನನ್ನ ಬಾಯಲ್ಲಿ ಬಂತು. ಮಾರನೆಯ ಸಂಜೆಯೂ ಕೇಳಿದಳು. ದಿನವೂ ಕೇಳತೊಡಗಿದಳು. ದೋಣಿ ಓಲಾಡಿತು, ಬಿಸಿಲು ಬಡಿಯಿತು, ಒಣಹುಲ್ಲಿನ ಗುಡ್ಡವನ್ನು ನಾವಿಬ್ಬರೂ ಹತ್ತಿದೆವು. ಹೇಳುತ್ತ ಹೇಳುತ್ತ ಅದು ಯಾರು ಕಂಡದ್ದೆಂಬುದು ನನಗೂ ಮಸಕಾಗುತ್ತಿತ್ತು.

ಒಮ್ಮೆ ಗುಡ್ಡದ ಅರ್ಧಕ್ಕೆ ಬಂದಾಗ ಆಕೆ ನನ್ನನ್ನೇ ದಿಟ್ಟಿಸಿದಳು. ‘ಇಷ್ಟೆಲ್ಲ ನಿನಗ ಹೆಂಗ ಗೊತ್ತ? ನೀನೂ ಬಂದಿದ್ದೇನ?’

ಬಾಗಿಲಲ್ಲಿ ಭಾವ ನಿಂತಿದ್ದರು. ಅವರ ಮುಖ ನೋಡಲಿಲ್ಲ ನಾನು.

‘ಹೂಂನ್ರಿ ಅಕ್ಕಾ, ಬಂದಿದ್ದೆ.’

‘ಹಂಗನ್ನ ಮತ್ತ’ ಎಂದು ಆಕೆ ಕಣ್ಣು ಮುಚ್ಚಿದಳು. ‘ನಾ ಒಬ್ಬಾಕಿನ ಅಷ್ಟ ದೊಡ್ಡ ಗುಡ್ಡ ಹೆಂಗ ಹತ್ತತಿದ್ನಿ.’

ಯುಗಾದಿಗೆ ಮೊದಲೇ ಆಕೆ ಹೋದಳು. ಹುಡುಗಿಯರು ನನ್ನನ್ನು ಈಗಲೂ ಕೇಳುತ್ತಾರೆ, ‘ಟೀಚರ್, ನೀವು ಜ್ವಾಲಾಮುಖಿ ನೋಡೀರೇನ್ರಿ?’ ಇಲ್ಲ ಎನ್ನಲು ಬಾಯಿ ತೆರೆಯುತ್ತೇನೆ. ಇಲ್ಲ ಅಂದರೆ ಆಕೆಯನ್ನು ಆ ಗುಡ್ಡದ ಮೇಲೆ ಒಬ್ಬಳನ್ನೇ ಬಿಟ್ಟು ಬಂದಂತಾಗುತ್ತದೆ. ‘ನಾವಿಬ್ಬರು ನೋಡೇವಿ’ ಎನ್ನುತ್ತೇನೆ.