ದೊಡ್ಡವರ ಕೋಟಿನ ತೋಳು

ಆ ಕೋಟಿನ ತೋಳನ್ನು ಉದ್ದ ಮಾಡಿಸಿದವನು ನಾನು. ಮಾಡಿಸಿದ್ದನ್ನು ಮುಚ್ಚಿಟ್ಟವನೂ ನಾನೇ. ಅದರಿಂದಾಗಿ ಮರ್ಫಿ ಟೌನಿನ ಮಾಣಿಕ್ಯಂ ಅವರನ್ನು ಜನ ಎಂಟೊಂಬತ್ತು ವರ್ಷ ಮೋಸಗಾರ ಅಂದರು — ಅವರು ಯಾರಿಗೂ ಯಾವ ಮೋಸವನ್ನೂ ಮಾಡಿರಲಿಲ್ಲ. ಇದನ್ನು ಮೊದಲಿಗೇ ಹೇಳಿಬಿಡುತ್ತಿದ್ದೇನೆ. ಮುಂದೆ ನಗು ಬರುವ ಸಂಗತಿಗಳು ಬಹಳ ಇವೆ. ನೀವು ನಗಲು ಶುರುಮಾಡಿದರೆ ನಾನೂ ನಕ್ಕುಬಿಡುತ್ತೇನೆ, ಆಮೇಲೆ ಹೇಳಬೇಕಾದ್ದು ಮತ್ತೆ ಒಳಗೇ ಉಳಿದುಬಿಡುತ್ತದೆ.

ತೊಂಬತ್ತರ ದಶಕದ ನಡುವಿನ ಮಾತು. ನಮ್ಮದು ದೊಡ್ಡನೆಕ್ಕುಂದಿ. ಅಪ್ಪ ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಒಂದು ತುಂಡನ್ನು ಕಾರ್ಖಾನೆಯವರಿಗೆ ಮಾರಿ, ನನ್ನ ಪಾಲಿನದೆಂದು ಒಂದಿಷ್ಟು ದುಡ್ಡು ಕೈಗಿಟ್ಟು, "ಯಾವ್ದಾದ್ರೂ ಒಳ್ಳೇದ್ರಲ್ಲಿ ಹಾಕಪ್ಪ ಮುನಿರಾಜು" ಅಂದರು. ನನ್ನ ವಾರಿಗೆಯವರೆಲ್ಲ ಸೈಟು ಕೊಂಡರು. ನಾನು ಕೋಟು ಕೊಂಡೆ.

ಆ ದುಡ್ಡಿಗೆ ಕೆ.ಆರ್. ಪುರದಲ್ಲಿ ಸಿಗುತ್ತಿದ್ದ ಸೈಟಿನ ಮೇಲೆ ಈಗ ನಾಲ್ಕಂತಸ್ತಿನ ಕಟ್ಟಡ ಎದ್ದಿದೆ. ಬಸ್ಸು ಅದರ ಮುಂದೆ ಹಾದುಹೋಗುವಾಗ ನಾನು ಆ ಕಡೆಯ ಕಿಟಕಿಯತ್ತ ತಿರುಗುವುದಿಲ್ಲ.

ನನ್ನನ್ನು ಈ ದಾರಿಗೆ ಹಚ್ಚಿದವರು ಇಲಿಯಾಸ್ ಭಾಯ್. ಶಿವಾಜಿನಗರದಲ್ಲಿ ಅವರದು ಹಳೇ ಸಾಮಾನಿನ ಅಂಗಡಿ — ಗೋಡೆ ಗಡಿಯಾರ, ಗ್ರಾಮಫೋನು, ದಂಡಿನವರು ಬಿಟ್ಟುಹೋದ ಮರದ ಪೆಟ್ಟಿಗೆಗಳು. ನಾನು ಕೆಲಸಕ್ಕಿದ್ದ ಫ್ಯಾಕ್ಟರಿಗೆ ರಜೆ ಇದ್ದ ದಿನ ಟಿನ್ ಫ್ಯಾಕ್ಟರಿ ಸ್ಟಾಪಿನಲ್ಲಿ ಬಸ್ಸು ಬದಲಿಸಿ ಅಲ್ಲಿಗೆ ಹೋಗಿ, ಅವರ ಚಹಾ ಕುಡಿದು, ಅವರ ಮಾತು ಕೇಳುವುದು ನನಗೆ ಅಭ್ಯಾಸವಾಗಿತ್ತು. ಆ ಮನುಷ್ಯ ತುಕ್ಕು ಹಿಡಿದ ಬೀಗದ ಬಗ್ಗೆ ಮಾತಾಡಿದರೂ ಕೇಳಿದವನಿಗೆ ಅದನ್ನು ಕೊಳ್ಳಬೇಕು ಅನ್ನಿಸುತ್ತಿತ್ತು.

"ಸೈಟು ಯಾರ ಹತ್ರ ಬೇಕಾದ್ರೂ ಇರ್ತದೆ ಮುನಿರಾಜು ಭಾಯ್. ದೇಶ ನಡೆಸಿದೋರು ಮೈಮೇಲೆ ಹಾಕ್ಕೊಂಡಿದ್ದ ಬಟ್ಟೆ ಎಷ್ಟು ಜನರ ಹತ್ರ ಇದೆ ಹೇಳಿ. ಫಾರಿನ್‌ನಲ್ಲಿ ಅವ್ರ ಪೆನ್ನು, ಕನ್ನಡಕ ಎಲ್ಲ ಹರಾಜು ಹಾಕ್ತಾರೆ. ಇಲ್ಲೂ ಆ ಕಾಲ ಬರ್ತದೆ, ಬರೆದಿಟ್ಕೊಳ್ಳಿ."

ಕೋಟು ಯಾರದೆಂದು ಇಲ್ಲಿ ಹೇಳುವುದಿಲ್ಲ. ಸ್ವಾತಂತ್ರ್ಯಕ್ಕೆ ಮುಂಚೆ ಜೈಲು ಕಂಡು, ಆಮೇಲೆ ದೆಹಲಿಯಲ್ಲಿ ಮಂತ್ರಿಯಾಗಿದ್ದವರು; ಶಾಲೆಯ ಪುಸ್ತಕದಲ್ಲಿ ಅವರ ಚಿತ್ರವಿತ್ತು. ನಾವು ಮೂವರೂ ಅವರನ್ನು 'ದೊಡ್ಡವರು' ಎಂದೇ ಕರೆಯುತ್ತಿದ್ದೆವು. ಅಗಲ ಭುಜದ, ಗಿಡ್ಡ ಆಳು.

ಆ ಮೂವರಲ್ಲಿ ಮೂರನೆಯವರು ಮಾಣಿಕ್ಯಂ. ಮರ್ಫಿ ಟೌನಿನಲ್ಲಿ ಅವರದು ಪುಟ್ಟ ಡ್ರೈ ಕ್ಲೀನಿಂಗ್ ಅಂಗಡಿ. ಹುಡುಗನಾಗಿದ್ದಾಗ ಅವರು ಕಂಟೋನ್ಮೆಂಟಿನ ಅತಿಥಿಗೃಹವೊಂದರಲ್ಲಿ ಇಸ್ತ್ರಿ ಮಾಡುತ್ತಿದ್ದರಂತೆ. ಅಲ್ಲಿ ಇಳಿದುಕೊಂಡಿದ್ದ ದೊಡ್ಡವರ ಕೋಟಿನ ಮೇಲೆ ಯಾರೋ ಕಾಫಿ ಚೆಲ್ಲಿದರು, ಅವರು ಅದನ್ನು ಬಿಚ್ಚಿ ಒಗೆಯಲು ಕೊಟ್ಟರು, ಅಷ್ಟರಲ್ಲಿ ದೆಹಲಿಯಿಂದ ಕರೆ ಬಂದು ಹೊರಟುಬಿಟ್ಟರು. ಒದ್ದೆ ಕೋಟು ಹಿಡಿದು ಮಾಣಿಕ್ಯಂ ಸ್ಟೇಷನ್ನಿಗೆ ಓಡಿದರೆ, ದೊಡ್ಡವರು ರೈಲಿನ ಕಿಟಕಿಯಿಂದಲೇ 'ನೀನೇ ಇಟ್ಟುಕೋ' ಎಂದು ಸನ್ನೆ ಮಾಡಿದರಂತೆ. ಹಿಂದಿನ ದಿನ ತೆಗೆದ ಫೋಟೋ ಒಂದು ಅಂಗಡಿಯ ಗೋಡೆಯ ಮೇಲಿತ್ತು — ಮೆಟ್ಟಿಲ ಮೇಲೆ ಅದೇ ಕೋಟಿನಲ್ಲಿ ದೊಡ್ಡವರು, ಹಿಂದೆ ಕೊಡೆ ಹಿಡಿದು ನಿಂತ ಬಡಕಲು ಮಾಣಿಕ್ಯಂ.

ಮೊಮ್ಮಗಳ ನರ್ಸಿಂಗ್ ಓದಿಗೆ ದುಡ್ಡು ಬೇಕಾಗಿದ್ದರಿಂದ ಅವರು ಕೋಟು ಮಾರಲು ಒಪ್ಪಿದ್ದರು. "ಫೋಟೋ ಕೊಡಲ್ಲ ತಂಬಿ. ಕಾಪಿ ತೆಗೆಸ್ಕೊಳ್ಳಿ" ಅಂದರು. ನಾನೂ ಇಲಿಯಾಸ್ ಭಾಯೂ ಅರ್ಧರ್ಧ ಹಾಕಿ ಕೊಂಡೆವು. ಇಲಿಯಾಸ್ ಭಾಯ್ ಅಂಗಡಿಯ ಸೂರು ಸೋರುತ್ತಿತ್ತು; ನಮ್ಮ ಮನೆಯಲ್ಲಿ ಕಬ್ಬಿಣದ ಬೀರು ಇತ್ತು. ನುಸಿಗುಳಿಗೆ ಹಾಕಿ, ಕೋಟನ್ನು ಬೀರುವಿನಲ್ಲಿ ತೂಗುಹಾಕಿ, ನಾವಿಬ್ಬರೂ ಅದರ ಬೆಲೆ ಏರುವುದನ್ನು ಕಾಯತೊಡಗಿದೆವು.

ಅದೇ ಬೇಸಿಗೆಯಲ್ಲಿ ನನಗೆ ಹಲಸೂರಿನಲ್ಲಿ ಹೆಣ್ಣು ನೋಡುವ ಶಾಸ್ತ್ರ ಗೊತ್ತಾಯಿತು. "ಸ್ವಲ್ಪ ಅಪ್‌ಟುಡೇಟ್ ಜನ" ಎಂದು ನಡುವೆ ನಿಂತವರು ಎಚ್ಚರಿಸಿದ್ದರು. ನನ್ನಲ್ಲಿದ್ದದ್ದು ಫ್ಯಾಕ್ಟರಿಗೆ ಹಾಕುವ ಅಂಗಿಗಳು. ಬೀರು ತೆರೆದೆ. ಕೋಟು ತೂಗಾಡುತ್ತಿತ್ತು — ಸುಮ್ಮನೆ ಒಮ್ಮೆ ಹಾಕಿ ನೋಡೋಣ ಅನ್ನಿಸಿತು, ಅಷ್ಟೇ. ಭುಜ ನನಗೇ ಹೊಲಿದಂತೆ ಕೂತಿತು. ಆದರೆ ತೋಳು ಮಣಿಕಟ್ಟಿನಿಂದ ಎಷ್ಟೋ ಮೇಲಕ್ಕೇ ನಿಂತುಬಿಟ್ಟಿತು. ಕನ್ನಡಿಯಲ್ಲಿ ನಾನು ತಮ್ಮನ ಬಟ್ಟೆ ಕದ್ದು ಹಾಕಿಕೊಂಡವನ ಹಾಗೆ ಕಾಣುತ್ತಿದ್ದೆ.

ಕೆ.ಆರ್. ಪುರದ ಟೈಲರು ತೋಳನ್ನು ಒಳಗು ಹೊರಗು ಮಾಡಿ ನೋಡಿ, "ಒಳಗೆ ಬಟ್ಟೆ ಮಡಚಿ ಬಿಟ್ಟಿದ್ದಾರೆ. ಬಿಚ್ಚಿದ್ರೆ ಉದ್ದ ಆಗ್ತದೆ. ಬಿಚ್ಲಾ?" ಎಂದು ಕೇಳಿದ.

ಬಿಚ್ಚು ಅಂದೆ. ಒಂದು ದಿನದ ಮಟ್ಟಿಗೆ — ಮತ್ತೆ ಮಡಚಿ ಹೊಲಿಸಿದರಾಯಿತು — ಯಾರಿಗೆ ಗೊತ್ತಾಗುತ್ತದೆ...

ಹುಡುಗಿಯ ಅಪ್ಪ ಕೋಟಿನ ಅಂಚನ್ನು ಬೆರಳಲ್ಲಿ ಮುಟ್ಟಿ ನೋಡಿದರು. "ಎಂಥಾ ಬಟ್ಟೆ. ಎಲ್ಲಿ ಹೊಲಿಸಿದ್ರಿ?" "ಶಿವಾಜಿನಗರದ ಕಡೆಯಿಂದ ತಗೊಂಡಿದ್ದು" ಅಂದೆ. ಹುಡುಗಿ, ಸರೋಜ, ಕಾಫಿ ತಟ್ಟೆ ಇಟ್ಟು ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿ ಒಳಗೆ ಹೋದಳು. ಒಪ್ಪಿಗೆ ಬಂತು. ಮದುವೆಯಾದ ಮೇಲೆ ಕೋಟಿನ ಕಥೆ, ತೋಳಿನ ಕಥೆ ಎಲ್ಲ ಹೇಳಿದಾಗ ಅವಳು ನಕ್ಕು ನಕ್ಕು ಗೋಡೆಗೆ ಒರಗಿದಳು. "ಆ ಬಿಸಿಲಲ್ಲಿ ಉಣ್ಣೆ ಕೋಟು ಹಾಕ್ಕೊಂಡು ಬೆವರೂ ಒರೆಸ್ಕೊಳ್ದೆ ಕೂತಿದ್ರಲ್ಲ, ಪರ್ವಾಗಿಲ್ಲ, ಈ ಮನುಷ್ಯಂಗೆ ತಾಳ್ಮೆ ಇದೆ ಅಂದ್ಕೊಂಡೆ."

ತೋಳು ಮಡಚಿಸುವುದು ಮಾತ್ರ ನಾಳೆ, ನಾಡಿದ್ದು ಎಂದು ಉಳಿದುಹೋಯಿತು. ಮರೆತೆ — ಇಲ್ಲ, ಮರೆತಿರಲಿಲ್ಲ. ಯಾರೂ ಅಷ್ಟು ಹತ್ತಿರದಿಂದ ನೋಡಲಾರರು ಎಂದುಕೊಂಡಿದ್ದೆ.

ಮರುವರ್ಷ ಇಲಿಯಾಸ್ ಭಾಯ್ ಗಿರಾಕಿ ಹುಡುಕಿದರು. ಇಂದಿರಾನಗರದ ಹಿರಿಯರೊಬ್ಬರು, ಅವರ ಮನೆಯ ತುಂಬ ನಾಯಕರು ಬಳಸಿದ ವಸ್ತುಗಳು. ಕೋಟನ್ನು ಮೇಜಿನ ಮೇಲೆ ಹರಡಿ, ಫೋಟೋದ ಕಾಪಿಯನ್ನು ಪಕ್ಕದಲ್ಲಿಟ್ಟು, ಭೂತಗನ್ನಡಿ ಹಿಡಿದು ಬಹಳ ಹೊತ್ತು ನೋಡಿದರು. ಫೋಟೋದಲ್ಲಿ ಕೋಟಿನ ತೋಳಿನಾಚೆ ಅಂಗಿಯ ಕಫ್ ಎದ್ದು ಕಾಣುತ್ತಿತ್ತು. ಮೇಜಿನ ಮೇಲಿದ್ದ ತೋಳು ದೊಡ್ಡವರ ಬೆರಳ ತುದಿಯನ್ನೂ ಮುಚ್ಚುವಷ್ಟು ಉದ್ದವಾಗಿತ್ತು. ಅಂಚಿಗೆ ಹೊಸ ದಾರ.

"ಸಾರಿ, ಇದು ಅವರ ಕೋಟಲ್ಲ. ನಿಮಗೆ ಯಾರೋ ಟೋಪಿ ಹಾಕಿದ್ದಾರೆ" ಅಂದರು. ಒಳ್ಳೆಯ ಮನುಷ್ಯ, ಚಹಾ ತರಿಸಿದರು.

ಇಲಿಯಾಸ್ ಭಾಯ್ ಮುಖ ಬಿಳಿಚಿಕೊಂಡಿತು. ಹೇಳಬೇಕಾದ ಹೊತ್ತು ಅದೇ. ಬಾಯಿ ತೆರೆದೆ — ಚಹಾ ಕುಡಿದೆ.

ಮರುದಿನ ಇಲಿಯಾಸ್ ಭಾಯ್ ಮರ್ಫಿ ಟೌನಿಗೆ ಹೋಗಿ ಮಾಣಿಕ್ಯಂ ಅವರನ್ನು ಗಿರಾಕಿಗಳ ಮುಂದೆಯೇ ಬೈದು ಬಂದರು. ಸಾಲದೆಂದು ಶಿವಾಜಿನಗರದ ತಮ್ಮ ಸಾಲಿನ ಅಂಗಡಿ ಅಂಗಡಿಗೂ ಹೇಳಿದರು. ಎರಡು ದಿನ ಬಿಟ್ಟು ಮಾಣಿಕ್ಯಂ ತಾವೇ ಹುಡುಕಿಕೊಂಡು ಬಂದರು, ನಾನು ಇಲಿಯಾಸ್ ಭಾಯ್ ಅಂಗಡಿಯಲ್ಲೇ ಕೂತಿದ್ದಾಗ. ಕೋಪವಿರಲಿಲ್ಲ. ನನ್ನನ್ನೇ ಕೇಳಿದರು: "ಕೋಟು ನಿಮ್ಮನೇಲಿದೆಯಲ್ಲ ತಂಬಿ. ಒಂದ್ಸಲ ತಂದು ನನ್ ಕಣ್ಣಿಗೆ ತೋರ್ಸಿ. ನಾನು ಕೊಟ್ಟಿದ್ದು ಹೌದೋ ಅಲ್ವೋ ಹೇಳ್ತೀನಿ."

ತೋರಿಸಿದರೆ ಅವರು ತೋಳನ್ನು ಒಂದೇ ಸಲ ತಿರುವಿ ನೋಡಿ ಎಲ್ಲ ಹೇಳಿಬಿಡುತ್ತಿದ್ದರು. ಆಗ ನನ್ನ ಬಾಯಿಂದ ಬಂದ ಮಾತು ಇದು — ಇಂದಿಗೂ ಊಟದ ನಡುವೆ, ಬಸ್ಸಿನಲ್ಲಿ, ಎಲ್ಲೆಂದರಲ್ಲಿ ಕೇಳಿಸುತ್ತದೆ:

"ಹೆಂಗೂ ಡೂಪ್ಲಿಕೇಟ್ ಅಲ್ವಾ ಅಂತ, ಹಳೇ ಬಟ್ಟೆಗೆ ಸ್ಟೀಲ್ ಪಾತ್ರೆ ಕೊಡೋಳಿಗೆ ಹಾಕ್ಬಿಟ್ಟೆ. ಒಂದು ಡಬ್ಬಿ ಬಂತು."

ಮಾಣಿಕ್ಯಂ ನನ್ನನ್ನೇ ನೋಡಿದರು. "ದೊಡ್ಡವ್ರ ಕೋಟು," ಅಂದರು ಮೆಲ್ಲಗೆ, "ಡಬ್ಬಿಗೆ ಹಾಕಿದ್ರಾ." ಹಾಗೇ ಹೊರಟುಹೋದರು. ವಾರದೊಳಗೆ ದುಡ್ಡನ್ನೆಲ್ಲ ವಾಪಸ್ ಕಳಿಸಿದರು. ಅವರ ಮೊಮ್ಮಗಳು ಕಾಲೇಜು ಸೇರುವುದು ಒಂದು ವರ್ಷ ತಡವಾಯಿತೆಂದು ಆಮೇಲೆ ಕೇಳಿದೆ. ನಾನು ನನ್ನ ಪಾಲು ತೆಗೆದುಕೊಂಡೆ. ಕೋಟೂ ನನ್ನಲ್ಲೇ ಉಳಿಯಿತು. ಸರೋಜಳಿಗೆ ಇದ್ಯಾವುದನ್ನೂ ಹೇಳಲಿಲ್ಲ. "ವ್ಯಾಪಾರ ಕುದುರಲಿಲ್ಲ" ಅಂದೆ. ಬಂದ ದುಡ್ಡಿನಲ್ಲಿ ಒಂದಿಷ್ಟು ಹಾಕಿ ಮನೆಗೆ ಫ್ರಿಜ್ಜು ತಂದಾಗ ಅವಳು ಅದಕ್ಕೆ ಕುಂಕುಮ ಇಟ್ಟಳು.

ವರ್ಷಗಳು ಹೋದವು. ಮಗಳು ಹುಟ್ಟಿ ಶಾಲೆಗೆ ಹೋಗತೊಡಗಿದಳು. ಎರಡು ಸಾವಿರ ಇಸವಿ ದಾಟಿತ್ತು. ಶಾಲೆಯಲ್ಲಿ ವೇಷಭೂಷಣ ಸ್ಪರ್ಧೆ ಬಂದಾಗ ಮಗಳು ತಾನು ದೊಡ್ಡವರ ವೇಷವನ್ನೇ ಹಾಕುವುದೆಂದು ಹಟ ಹಿಡಿದಳು. ನಾನು ಫ್ಯಾಕ್ಟರಿಯಲ್ಲಿದ್ದೆ. ಸರೋಜ ಬೀರುವಿನಿಂದ ಕೋಟು ತೆಗೆದು, ಮೊಣಕಾಲಿನವರೆಗೆ ಬಂದರೂ ಪರವಾಗಿಲ್ಲ ಎಂದುಕೊಂಡು, ತವರಿಗೆ ಹೋಗುವ ದಾರಿಯಲ್ಲಿ ಡ್ರೈ ಕ್ಲೀನಿಂಗಿಗೆ ಕೊಟ್ಟಳು. ತವರು ಹಲಸೂರು. ಪಕ್ಕದಲ್ಲೇ ಮರ್ಫಿ ಟೌನು.

ಸಂಜೆ ಅವಳು ಹೊಸ್ತಿಲಲ್ಲೇ ನಿಂತು ಕೇಳಿದಳು. "ಆ ಅಂಗಡಿ ತಾತ ತೋಳು ತಿರುವಿ ನೋಡಿ, ಯಾರಮ್ಮ ಉದ್ದ ಮಾಡ್ಸಿದ್ದು ಅಂದ್ರು. ನಮ್ಮೆಜಮಾನ್ರು, ನನ್ನ ನೋಡೋಕೆ ಬರುವಾಗ ಅಂತ ನಗ್ತಾ ಹೇಳ್ದೆ. ಅವ್ರು ನಗ್ಲಿಲ್ಲ ರೀ. ಅವ್ರನ್ನ ಒಂದ್ಸಲ ಬರೋಕೆ ಹೇಳಿ ಅಂದ್ರು. ಯಾಕೆ?"

ಹೇಳಿದೆ. ಮಧ್ಯೆ ಮಧ್ಯೆ ನಿಂತು, ಸುತ್ತಿ ಬಳಸಿ, ಕೊನೆಗೆ ಡಬ್ಬಿಯ ಮಾತನ್ನೂ. ಅವಳು ಫ್ರಿಜ್ಜಿನ ಕಡೆ ನೋಡಿ, "ನನ್ನ ಒಪ್ಪಿಸೋಕೆ ಹಾಕ್ಕೊಂಡ ಕೋಟಿಗೆ ಆ ತಾತ ಕಳ್ಳ ಆದ್ರಾ?" ಅಂದಳು. "ನಾಳೆ ಡ್ಯೂಟಿಗೆ ಹೋಗ್ಬೇಡಿ."

ಮರುದಿನ ಮರ್ಫಿ ಟೌನಿಗೆ ಹೋದೆ. ಕೋಟು ಕೌಂಟರಿನ ಮೇಲಿತ್ತು, ಒಗೆದು ಇಸ್ತ್ರಿ ಮಾಡಿ. ಗೋಡೆಯ ಮೇಲೆ ಫೋಟೋ ಇರಲಿಲ್ಲ. ಮಾಣಿಕ್ಯಂ ಮುದುಕರಾಗಿದ್ದರು.

"ಡಬ್ಬಿಗೆ ಹಾಕ್ದೆ ಅಂದ್ರಿ."

"ಸುಳ್ಳು ಹೇಳ್ದೆ."

"ಇಷ್ಟು ವರ್ಷ ಯಾಕೆ ಸುಮ್ನಿದ್ರಿ ತಂಬಿ?"

ಬಸ್ಸಿನಲ್ಲಿ ನಾಲ್ಕೈದು ಕಾರಣ ಜೋಡಿಸಿಕೊಂಡು ಬಂದಿದ್ದೆ. ಅವನ್ನೆಲ್ಲ ಬದಿಗಿಟ್ಟು, ಅಂದು ನನ್ನ ಪಾಲೆಂದು ತೆಗೆದುಕೊಂಡಿದ್ದ ದುಡ್ಡನ್ನು ಕೌಂಟರಿನ ಮೇಲಿಟ್ಟೆ. ಅವರು ಅದನ್ನು ಎಣಿಸಲೂ ಇಲ್ಲ, ದೂಡಲೂ ಇಲ್ಲ. "ಇಲಿಯಾಸ್‌ಗೆ ಹೇಳಿದ್ರಾ?" ಎಂದರು. ಇಲ್ಲ ಅಂದೆ. ಅಂಗಡಿಯ ಬಾಗಿಲು ಎಳೆದು ನನ್ನ ಜೊತೆಗೇ ಆಟೋ ಹತ್ತಿದರು.

ಇಲಿಯಾಸ್ ಭಾಯ್ ಗಡಿಯಾರಕ್ಕೆ ಕೀ ಕೊಡುತ್ತ ಕೇಳಿಸಿಕೊಂಡರು. ಹೆಣ್ಣು ನೋಡಲು ಹೋದದ್ದು ಕೇಳಿ ನಗು ಉಕ್ಕಿತು. ಹೊಟ್ಟೆ ಕುಲುಕುತ್ತಿದ್ದಂತೆಯೇ ಕಣ್ಣು ಮಾಣಿಕ್ಯಂ ಮೇಲೆ ಬಿತ್ತು. ನಗು ನಿಂತಿತು. ಎದ್ದು ಬಂದು ಅವರ ಎರಡೂ ಕೈ ಹಿಡಿದುಕೊಂಡರು.

"ಅಣ್ಣಾ, ನಾನು ಬಾಯಿಗೆ ಬಂದಂಗೆ ಅಂದ್ಬಿಟ್ಟೆ. ಮಾಫ್ ಮಾಡಿ." ಆಮೇಲೆ ನನ್ನ ಕಡೆ ತಿರುಗಿದರು. "ಯಾರ್ಯಾರಿಗೆ ಹೇಳಿದ್ದೆ ಅಂತ ನಂಗೆ ನೆನಪಿದೆ. ತೋರಿಸ್ತೀನಿ. ಹೇಳೋದು ನೀವು."

ಹೀಗೆ ನಾವು ಮೂವರು ಆ ಸಾಲಿನಲ್ಲಿ ಹೊರಟೆವು — ಮುಂದೆ ಇಲಿಯಾಸ್ ಭಾಯ್, ನಡುವೆ ನಾನು, ಹಿಂದೆ ಕೋಟನ್ನು ತೋಳಿನ ಮೇಲೆ ಹಾಕಿಕೊಂಡ ಮಾಣಿಕ್ಯಂ. ಮೊದಲ ಅಂಗಡಿಯಲ್ಲಿ ನನ್ನ ನಾಲಿಗೆ ತೊದಲಿತು. ಮೂರನೆಯದಕ್ಕೆ ಬರುವಷ್ಟರಲ್ಲಿ ಕಥೆ ಬಾಯಿಪಾಠವಾಗಿತ್ತು. ಹಾಸಿಗೆ ಅಂಗಡಿಯವರು ಬಿದ್ದು ಬಿದ್ದು ನಕ್ಕರು, ಬಿಸ್ಕತ್ತು ಕೊಟ್ಟರು, ಕೋಟನ್ನು ನನಗೆ ಮತ್ತೆ ಹಾಕಿಸಿ ನೋಡಿದರು. ಹೊಟ್ಟೆ ಬಂದಿತ್ತು, ಗುಂಡಿ ಕೂಡಲಿಲ್ಲ. ಮಾಣಿಕ್ಯಂ ಕೂಡ ನಕ್ಕರು, ಬಾಯಿಗೆ ಕೈ ಅಡ್ಡ ಹಿಡಿದುಕೊಂಡು.

ಆಮೇಲಿನ ಅಂಗಡಿಗೆ ಬೀಗ ಬಿದ್ದಿತ್ತು. ಯಜಮಾನರು ತೀರಿಕೊಂಡು ಬಹಳ ದಿನವಾಗಿತ್ತಂತೆ. ಇಲಿಯಾಸ್ ಭಾಯ್, "ಇವರಿಗೂ ಹೇಳಿದ್ದೆ" ಅಂದರು. ಮಾಣಿಕ್ಯಂ ಆ ಬೀಗವನ್ನು ಮುಟ್ಟಿ ನೋಡಿದರು. ಆ ಯಜಮಾನರು ಇವರನ್ನು ಮೋಸಗಾರರೆಂದೇ ನಂಬಿಕೊಂಡು ಹೋಗಿದ್ದರು. ಅದನ್ನು ನಾನಿನ್ನು ಸರಿಮಾಡಲಾರೆ — ಯಾವತ್ತಿಗೂ.

ಸಾಲಿನ ಕೊನೆಯಲ್ಲಿ ವಾಚು ರಿಪೇರಿಯ ಮುದುಕರು. ಅವರಿಗೆ ಕಿವಿ ಮಂದ. ನಾನು ಇಡೀ ಕಥೆ ಹೇಳಿ ಮುಗಿಸಿದ ಮೇಲೆ ಅವರು ಕಣ್ಣಿಗೆ ಸಿಕ್ಕಿಸಿದ್ದ ಮಸೂರ ತೆಗೆದು, "ಹಂಗಾದ್ರೆ ಕೋಟು ಒರಿಜಿನಲ್ಲಾ? ಈಗ ಏನ್ ರೇಟು ಬರ್ತದೆ?" ಎಂದು ಕೇಳಿದರು. ಇಲಿಯಾಸ್ ಭಾಯ್ ಹುರುಪಿನಿಂದ ಉತ್ತರ ಕೊಡಲು ಹೊರಟರು. ಮಾಣಿಕ್ಯಂ ಕೈ ಎತ್ತಿ ತಡೆದರು.

"ಕೋಟು ಹಂಗಿರ್ಲಿ. ನನ್ ವಿಷಯ ಇವ್ರಿಗೆ ಕೇಳಿಸ್ಲಿಲ್ಲ ತಂಬಿ. ಇನ್ನೊಂದ್ಸಲ ಹೇಳಿ."

ಹೇಳಿದೆ, ಜೋರಾಗಿ. "ಮಾಣಿಕ್ಯಂ ಯಾರಿಗೂ ಮೋಸ ಮಾಡ್ಲಿಲ್ಲ. ಮಾಡಿದ್ದು ನಾನು."

ದಾರಿಯಲ್ಲಿ ಹೋಗುತ್ತಿದ್ದವರು ತಿರುಗಿ ನೋಡಿದರು. "ಈಗ ಕೇಳಿಸ್ತು" ಎಂದು ಮುದುಕರು ತಲೆಯಾಡಿಸಿದರು. ಮಾಣಿಕ್ಯಂ ರಸ್ತೆಯಾಚೆಯ ಅಂಗಡಿಗಳತ್ತ ನೋಡಿದರು. ಆ ಮಾತು ಅಲ್ಲಿಗೂ ಹಬ್ಬಿತ್ತು. ನಾನೇ ಮುಂದಾಗಿ ರಸ್ತೆ ದಾಟಿದೆ.